ಚರ್ಚ್ ಪ್ರಕಟಣೆ ಮೊಬೈಲಿಗೆ ಬಂದ ಬಗೆ: ಕೊಡಗಿನ ಒಂದು ಧರ್ಮಕೇಂದ್ರದ ಅನುಭವ

ದಕ್ಷಿಣ ಕೊಡಗಿನ ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಕುಟುಂಬಗಳ ಪ್ಯಾರಿಷ್‌ನಲ್ಲಿ, ಪ್ರಕಟಣೆ ಎಂದರೆ ಭಾನುವಾರದ ಬಲಿಪೂಜೆ ಮುಗಿಯುವ ಹೊತ್ತಿಗೆ ಫಾದರ್ ಓದುವ ಚೀಟಿ. ಅವತ್ತು ಬಾರದವರಿಗೆ ಅದು ಪಕ್ಕದ ಮನೆಯವರ ಬಾಯಿಂದ ಅರ್ಧಂಬರ್ಧ ತಲುಪುತ್ತಿತ್ತು. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ ಕಡೆಯ ತೋಟಗಳ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಚದುರಿಹೋದ ಕುಟುಂಬಗಳಿಗೆ ಸಾವಿನ ಸುದ್ದಿ ಮಣ್ಣು ಮಾಡಿದ ಮೇಲೆ ಸಿಕ್ಕಿದ್ದೂ ಉಂಟು. ವಾಟ್ಸಾಪ್‌ನಲ್ಲಿ ಹಾಕಿದರೆ ಆಯಿತಲ್ಲ ಎಂದು ಪಾಲನಾ ಸಮಿತಿಯಲ್ಲಿ ಎಲ್ಲರೂ ಒಪ್ಪಿದರು. ತಪಸ್ಸುಕಾಲಕ್ಕೆ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ) ಮೊದಲು ಕೈಹಾಕಿದ ಈ ಕೆಲಸ ಒಂದು ಹದಕ್ಕೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಆ್ಯಪ್ ಕಲಿಯಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಕಾಲ ಹಿಡಿದದ್ದು ನಂಬರಿಗೆ, ಪಟ್ಟಿಗೆ, ಕಾಗದಪತ್ರಕ್ಕೆ. ಬೇರೆ ಚರ್ಚಿನವರು ಇದೇ ದಾರಿ ಹಿಡಿಯುವುದಾದರೆ ಅನುಕೂಲವಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿದೆ.

ಮೊದಲ ಪ್ರಶ್ನೆ, ಯಾರ ನಂಬರು? ಫಾದರ್ ಅವರ ಸ್ವಂತ ನಂಬರು ಬೇಡವೆಂದು ಮೊದಲೇ ನಿರ್ಧಾರವಾಯಿತು. ಅವರಿಗೆ ವರ್ಗವಾದರೆ ನಂಬರೂ ಅವರ ಜೊತೆ ಹೋಗುತ್ತದೆ, ಹೊಸಬರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಯುವಜನರಲ್ಲಿ ಯಾರಾದರೊಬ್ಬರ ನಂಬರು ಹಾಕಿದರೂ ಅದೇ ಕಥೆ, ಅವರು ಕೆಲಸಕ್ಕೆಂದು ಬೆಂಗಳೂರು ಸೇರುತ್ತಾರೆ. ಫಾದರ್ ವಾಸಿಸುವ ಗುರುಮನೆಯ ಲ್ಯಾಂಡ್‌ಲೈನ್ ಬಳಸುವ ಆಲೋಚನೆ ಬಂತು. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಇದು ಸಾಧ್ಯ. ನಂಬರು ಹಾಕಿ, ಎಸ್‌ಎಂಎಸ್ ಬದಲು ಕರೆಯ ಮೂಲಕ ಕೋಡ್ ಬೇಕೆಂದು ಒತ್ತಿದರೆ, ಲ್ಯಾಂಡ್‌ಲೈನ್‌ಗೆ ಕರೆ ಬಂದು ಆರು ಅಂಕಿಗಳನ್ನು ಹೇಳುತ್ತದೆ. ಆದರೆ ಫೋನ್ ಕೆಟ್ಟು ಹೊಸ ಫೋನಿಗೆ ಖಾತೆ ಬದಲಾಯಿಸುವಾಗ ಮತ್ತೆ ಆ ಕರೆ ಬರಲೇಬೇಕು. ಜುಲೈ ತಿಂಗಳಲ್ಲಿ ಮರ ಬಿದ್ದು ತಂತಿ ಹರಿದಿದ್ದರೆ ಖಾತೆ ಕೈಗೆ ಸಿಗುವುದಿಲ್ಲ. ಕೊಡಗಿನಲ್ಲಿ ಇದು ಊಹೆಯ ಮಾತಲ್ಲ. ಹಾಗಾಗಿ ಹೊಸ ಸಿಮ್ ತೆಗೆದುಕೊಂಡೆವು.

ಸಿಮ್ ಯಾರ ಹೆಸರಿನಲ್ಲಿ ಎನ್ನುವಲ್ಲಿ ಮೊದಲ ಕಾಯುವಿಕೆ. ಧರ್ಮಕೇಂದ್ರಕ್ಕೆ ಪ್ರತ್ಯೇಕ ಪ್ಯಾನ್ ಇರಲಿಲ್ಲ. ಆಸ್ತಿ, ಬ್ಯಾಂಕ್ ಖಾತೆ ಎಲ್ಲವೂ ಧರ್ಮಕ್ಷೇತ್ರದ (ಬಿಷಪರ ಆಡಳಿತದ ಡಯಾಸಿಸ್‌ನ) ನೋಂದಾಯಿತ ಸಂಸ್ಥೆಯ ಹೆಸರಿನಲ್ಲಿವೆ. ಸಂಸ್ಥೆಯ ಹೆಸರಿನಲ್ಲಿ ಸಿಮ್ ಬೇಕೆಂದರೆ ನೋಂದಣಿ ಪ್ರಮಾಣಪತ್ರ, ಪ್ಯಾನ್ ಪ್ರತಿ, ಇಂಥವರು ನಮ್ಮ ಅಧಿಕೃತ ಸಹಿದಾರರು ಎಂಬ ಪತ್ರ, ಆ ಸಹಿದಾರರ ಆಧಾರ್, ಇಷ್ಟು ಕೇಳಿದರು. ಸಹಿದಾರರ ಪತ್ರಕ್ಕಾಗಿ ಧರ್ಮಕ್ಷೇತ್ರಕ್ಕೆ ಬರೆದು, ನೆನಪಿಸಿ, ಮತ್ತೆ ನೆನಪಿಸಿ ಕಾಯಬೇಕಾಯಿತು. ಈ ಪತ್ರವನ್ನು ಒಮ್ಮೆ ತರಿಸುವಾಗಲೇ ಎರಡು ಮೂಲ ಪ್ರತಿ ತರಿಸಿಕೊಳ್ಳಿ, ಮುಂದೆ ಎಸ್‌ಎಂಎಸ್ ನೋಂದಣಿಗೂ ಇದೇ ಬೇಕು. ಯಾವ ಕಂಪನಿಯ ಸಿಮ್ ಎಂಬುದನ್ನು ಅಂಗಡಿಯಲ್ಲಿ ಕೇಳಿ ನಿರ್ಧರಿಸಬೇಡಿ. ಕರೆಂಟ್ ಹೋಗಿ ನಾಲ್ಕೈದು ಗಂಟೆಯಾದ ಮೇಲೆ ಗುರುಮನೆಯ ಒಳಗೆ ಯಾವುದರ ಸಿಗ್ನಲ್ ಉಳಿಯುತ್ತದೆ ನೋಡಿ. ಟವರಿನ ಬ್ಯಾಟರಿ ಖಾಲಿಯಾದರೆ ತೋರಿಕೆಗೆ ನಾಲ್ಕು ಕಡ್ಡಿ ಇದ್ದ ಕಂಪನಿಯೂ ಕೈಕೊಡುತ್ತದೆ.

ನಂಬರು ಚಾಲೂ ಆದ ದಿನವೇ ಮಾಡಬೇಕಾದ ಕೆಲಸ ಎರಡು ಹಂತದ ಪರಿಶೀಲನೆ. ಸೆಟ್ಟಿಂಗ್ಸ್‌ನ ಖಾತೆ ವಿಭಾಗದಲ್ಲಿ ಆರು ಅಂಕಿಯ ಪಿನ್ ಇಟ್ಟು, ಚರ್ಚ್ ಕಚೇರಿಯ ಇಮೇಲ್ ಸೇರಿಸಬೇಕು. ಪಿನ್ ಮರೆತು, ಇಮೇಲನ್ನೂ ಕೊಟ್ಟಿರದಿದ್ದರೆ ಏಳು ದಿನ ಕಾಯಬೇಕಾಗುತ್ತದೆ. ನಮ್ಮಲ್ಲಿ ಪಿನ್ ಬರೆದ ಚೀಟಿ ಲಕೋಟೆಯೊಳಗೆ ಸೇರಿ, ದೀಕ್ಷಾಸ್ನಾನದ ರಿಜಿಸ್ಟರ್ ಇಡುವ ಬೀರುವಿನಲ್ಲಿದೆ. ಕಚೇರಿಯ ಕಂಪ್ಯೂಟರನ್ನು ಜೋಡಿಸಿದ ಸಾಧನವಾಗಿ ಸೇರಿಸಿಕೊಂಡರೆ ಟೈಪ್ ಮಾಡಲು ಸುಲಭ. ನಾಲ್ಕು ಸಾಧನಗಳವರೆಗೆ ಜೋಡಿಸಬಹುದು, ಆದರೆ ಮೂಲ ಫೋನನ್ನು 14 ದಿನ ಬಳಸದಿದ್ದರೆ ಜೋಡಣೆ ತಾನಾಗಿ ಕಳಚಿಕೊಳ್ಳುತ್ತದೆ. ಫೋನನ್ನು ಡ್ರಾಯರಿನಲ್ಲಿಟ್ಟು ಮರೆಯುವವರು ಇದನ್ನು ನೆನಪಿಡಿ.

ಇನ್ನು ಪಟ್ಟಿ. ನಿಜವಾದ ಕಷ್ಟ ಇದು. ಕುಟುಂಬ ರಿಜಿಸ್ಟರಿನಲ್ಲಿದ್ದ ನಂಬರುಗಳಲ್ಲಿ ಬಹಳಷ್ಟು ಸತ್ತಿದ್ದವು, ಕೆಲವು ಬೇರೆಯವರ ಕೈಸೇರಿದ್ದವು. ಅರ್ಧ ಹಾಳೆಯ ಒಂದು ಫಾರಂ ಮಾಡಿದೆವು: ಮನೆ ಹೆಸರು, ವಾರ್ಡ್ (ಧರ್ಮಕೇಂದ್ರದೊಳಗಿನ ಕುಟುಂಬಗಳ ವಿಭಾಗ), ಮನೆಯ ಹಿರಿಯರ ಹೆಸರು, ವಾಟ್ಸಾಪ್ ಇರುವ ನಂಬರು, ಕೀಪ್ಯಾಡ್ ಫೋನಿನ ನಂಬರು, ಆ ಫೋನು ಹಗಲು ಯಾರ ಕೈಯಲ್ಲಿರುತ್ತದೆ, ಓದಲು ಅನುಕೂಲದ ಭಾಷೆ, ಓದುವುದಕ್ಕಿಂತ ಕೇಳುವುದು ಸುಲಭವೇ, ಕೊನೆಗೆ ಸಂದೇಶ ಪಡೆಯಲು ಒಪ್ಪಿಗೆಯ ಸಹಿ. ‘ಯಾರ ಕೈಯಲ್ಲಿ’ ಎಂಬ ಕಾಲಂ ಅನಗತ್ಯವೆಂದು ಕೆಲವರಿಗೆ ಅನಿಸಿತ್ತು, ಆದರೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಎಷ್ಟೋ ಮನೆಗಳ ಏಕೈಕ ಸ್ಮಾರ್ಟ್‌ಫೋನ್ ಮೈಸೂರಿನಲ್ಲಿ ಓದುವ ಮಗನ ಬಳಿ ಇರುತ್ತದೆ. ಸಂದೇಶ ಮೈಸೂರಿಗೆ ಹೋಗುತ್ತದೆ, ಅಮ್ಮನಿಗೆ ಗೊತ್ತಾಗುವುದಿಲ್ಲ.

ಒಪ್ಪಿಗೆಯ ಸಹಿ ಬರಿಯ ಶಿಷ್ಟಾಚಾರವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಧಾರವೇ ಒಪ್ಪಿಗೆ, 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ ಅದು. ಆದ್ದರಿಂದ ಧರ್ಮೋಪದೇಶ ತರಗತಿಯ ಮಕ್ಕಳ ನಂಬರು ತೆಗೆದುಕೊಳ್ಳಲೇ ಇಲ್ಲ, ತಂದೆತಾಯಿಯದು ಮಾತ್ರ. ಮಕ್ಕಳ ಗುಂಪು ಮಾಡಿಕೊಡಿ ಎಂದು ಶಿಕ್ಷಕರು ಕೇಳಿದರೂ ನಮ್ಮ ಉತ್ತರ ಬದಲಾಗಲಿಲ್ಲ.

ಫಾರಂ ಹಂಚಲು ವಾರ್ಡಿನ ಮುಖ್ಯಸ್ಥರೇ ಸರಿ. ಆದರೆ ಕಾಫಿ ಕೊಯ್ಲಿನ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಫೆಬ್ರವರಿ ಕೊನೆಯವರೆಗೆ, ಹಗಲು ಮನೆಗಳಲ್ಲಿ ಯಾರೂ ಸಿಗುವುದಿಲ್ಲ. ಸಂಜೆ ಐದೂವರೆಯ ನಂತರ ಹೋಗೋಣವೆಂದರೆ ಆನೆ ಭಯ. ಕೊನೆಗೆ ಹಲವು ತೋಟಗಳಲ್ಲಿ ರೈಟರ್ (ತೋಟದ ಗುಮಾಸ್ತ) ಅವರನ್ನೇ ಕೇಳಿಕೊಂಡು, ವಾರದ ಬಟವಾಡೆ ದಿನ ಒಂದೇ ಕಡೆ ಕೂತು ತುಂಬಿಸಿದ್ದಾಯಿತು. ಕೈಬರಹದಲ್ಲಿ 1 ಮತ್ತು 7, 4 ಮತ್ತು 9 ಒಂದೇ ತರ ಕಾಣುತ್ತವೆ. ಇದಕ್ಕೆ ಒಂದೇ ಉಪಾಯ: ಫಾರಂ ಕೈಗೆ ಬಂದ ಕ್ಷಣವೇ ಆ ನಂಬರಿಗೆ ಕಚೇರಿಯ ಸಿಮ್‌ನಿಂದ ಒಂದು ಮಿಸ್ಡ್ ಕಾಲ್ ಕೊಡುವುದು. ಎದುರಿಗಿದ್ದವರ ಫೋನು ಗುಣುಗಿದರೆ ನಂಬರು ಸರಿ. ಜೊತೆಗೆ, ‘ಈಗ ಬಂದ ನಂಬರನ್ನು ಚರ್ಚ್ ಎಂದು ಸೇವ್ ಮಾಡಿಕೊಳ್ಳಿ ಅಕ್ಕ’ ಎಂದು ಅಲ್ಲೇ ಹೇಳಿ ಮಾಡಿಸಿಬಿಡಬಹುದು. ಈ ಸೇವ್ ಮಾಡುವ ಕೆಲಸ ಯಾಕೆ ಮುಖ್ಯವೆಂದು ಮುಂದೆ ಬರುತ್ತದೆ.

ಕಂಪ್ಯೂಟರಿಗೆ ಏರಿಸುವಾಗ ಒಂದು ಎಚ್ಚರ. ಎಕ್ಸೆಲ್‌ನಲ್ಲಿ 91 ಸೇರಿಸಿ 12 ಅಂಕಿ ಬರೆದರೆ ಅದು 9ರ ಜೊತೆ ಚುಕ್ಕೆ ಇಟ್ಟು ವಿಜ್ಞಾನದ ಲೆಕ್ಕದಂತೆ ತೋರಿಸುತ್ತದೆ. ಹಾಗೆಯೇ ಫೋನಿಗೆ ಏರಿಸಲು ಸಿಎಸ್‌ವಿ ಕಡತ ಮಾಡಿದರೆ ಕೊನೆಯ ಅಂಕಿಗಳು ಸೊನ್ನೆಯಾಗಿ ಕೂರುತ್ತವೆ. ನಂಬರಿನ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಎಂದು ಬದಲಾಯಿಸಿ, ಆಮೇಲೆ ತುಂಬಿಸಿ. ಹೆಸರನ್ನು ‘ವಾ3, ಮನೆ ಹೆಸರು, ವ್ಯಕ್ತಿ’ ಎಂಬ ಕ್ರಮದಲ್ಲಿ ಉಳಿಸಿದರೆ ಫೋನಿನಲ್ಲಿ ವಾರ್ಡ್ ಪ್ರಕಾರ ತಾನೇ ಜೋಡಣೆಯಾಗುತ್ತದೆ.

ಈಗ ಯಾವ ಬಗೆಯಲ್ಲಿ ಕಳುಹಿಸುವುದು ಎಂಬ ತೀರ್ಮಾನ. ವಾಟ್ಸಾಪ್‌ನಲ್ಲಿ ನಾವು ಹೋಲಿಸಿ ನೋಡಿದ ದಾರಿಗಳು ಮೂರು. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದಕ್ಕೆ 256 ಜನ. ಸಂದೇಶ ಪ್ರತಿಯೊಬ್ಬರಿಗೂ ಬಿಡಿಯಾಗಿ ಹೋಗುತ್ತದೆ, ಉತ್ತರ ಕಚೇರಿಗೆ ಮಾತ್ರ ಬರುತ್ತದೆ. ಕೇಳಲು ಚೆನ್ನ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ಸೇವ್ ಮಾಡದವರಿಗೆ ಏನೂ ಬರುವುದಿಲ್ಲ, ಬರಲಿಲ್ಲವೆಂದು ಕಳುಹಿಸಿದವರಿಗೂ ತಿಳಿಯುವುದಿಲ್ಲ. ‘ನಂಗೆ ಮೆಸೇಜೇ ಬರ್ಲಿಲ್ಲ ಫಾದರ್’ ಎಂಬ ದೂರಿಗೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ ಇರುತ್ತದೆ. ಎರಡನೆಯದು ಸಾಮಾನ್ಯ ಗುಂಪು, 1,024 ಜನರವರೆಗೆ. ಇದರಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ನಂಬರು ಗುರುತಿಲ್ಲದವರ ಕೈಗೆ ಹೋಗುವುದು ಎಷ್ಟೋ ಮನೆಗಳಿಗೆ ಇಷ್ಟವಿಲ್ಲ. ಅವರ ಆಕ್ಷೇಪ ನ್ಯಾಯವಾದದ್ದೇ. ಮೂರನೆಯದು 2022ರಲ್ಲಿ ಬಂದ ಕಮ್ಯೂನಿಟಿ. ಇದರಲ್ಲಿ ಪ್ರಕಟಣೆಯ ಗುಂಪು ಒಂದು ತಾನಾಗಿ ಹುಟ್ಟಿಕೊಳ್ಳುತ್ತದೆ. ಅಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು, ಸದಸ್ಯರ ನಂಬರು ಬೇರೆ ಸದಸ್ಯರಿಗೆ ಕಾಣದು. ಅದರ ಕೆಳಗೆ ವಾರ್ಡುಗಳು, ಗಾನವೃಂದ, ಧರ್ಮೋಪದೇಶ ಶಿಕ್ಷಕರು, ಪಾಲನಾ ಸಮಿತಿ ಎಂದು ಸಣ್ಣ ಗುಂಪುಗಳನ್ನು ಇಡಬಹುದು. ನಾವು ಆರಿಸಿದ್ದು ಇದನ್ನೇ. ಒಳಗಿನ ಸಣ್ಣ ಗುಂಪುಗಳಲ್ಲಿ ಮಾತ್ರ ನಂಬರು ಎಂದಿನಂತೆ ಕಾಣುತ್ತದೆ, ಸೇರಿಸುವಾಗ ಇದನ್ನು ಹೇಳಿಯೇ ಸೇರಿಸಬೇಕು.

ಸೇರಿಸುವುದನ್ನು ಆತುರದಲ್ಲಿ ಮಾಡಬಾರದು. ನಿನ್ನೆ ಮೊನ್ನೆ ಹುಟ್ಟಿದ ನಂಬರಿನಿಂದ ಒಂದೇ ದಿನ ನೂರಾರು ಜನರನ್ನು ಎಳೆದುಕೊಂಡರೆ ಸ್ಪ್ಯಾಮ್ ಎಂದು ಖಾತೆಗೆ ತಡೆ ಬೀಳುವ ಅಪಾಯವಿದೆ. ವಾರಕ್ಕೆ ಒಂದೆರಡು ವಾರ್ಡ್ ಎಂದು ಇಟ್ಟುಕೊಂಡೆವು. ‘ನನ್ನನ್ನು ಗುಂಪಿಗೆ ಯಾರು ಸೇರಿಸಬಹುದು’ ಎಂಬಲ್ಲಿ ತಮ್ಮ ಸಂಪರ್ಕದವರು ಮಾತ್ರ ಎಂದು ಇಟ್ಟುಕೊಂಡವರನ್ನು, ಅವರು ಕಚೇರಿಯ ನಂಬರು ಸೇವ್ ಮಾಡಿರದಿದ್ದರೆ, ನೇರ ಸೇರಿಸಲಾಗದು. ಆಹ್ವಾನ ಕಳುಹಿಸಬೇಕು, ಅದರ ಆಯುಸ್ಸು ಮೂರು ದಿನ. ನೋಟಿಸ್ ಬೋರ್ಡಿನಲ್ಲಿ ಕ್ಯೂಆರ್ ಕೋಡ್ ಅಂಟಿಸುವುದು ಎಲ್ಲಕ್ಕಿಂತ ಸುಲಭವೆನಿಸಬಹುದು. ಆದರೆ ಅದರ ಫೋಟೊ ಹೊಡೆದು ಯಾರು ಯಾರಿಗೆ ಬೇಕಾದರೂ ಕಳುಹಿಸಬಹುದು. ಅಂಟಿಸುವುದಿದ್ದರೆ ‘ಹೊಸ ಸದಸ್ಯರಿಗೆ ಅಡ್ಮಿನ್ ಅನುಮತಿ’ ಎಂಬುದನ್ನು ಆನ್ ಮಾಡಿಯೇ ಅಂಟಿಸಿ, ಕೆಲಸ ಮುಗಿದ ಮೇಲೆ ಲಿಂಕ್ ರೀಸೆಟ್ ಮಾಡಿ.

ಹಳೆಯ ಯುವಜನರ ಗುಂಪನ್ನು ಮುಚ್ಚಬೇಕೇ ಎಂಬ ಜಗಳ ಸ್ವಲ್ಪ ದಿನ ನಡೆಯಿತು. ಮುಚ್ಚಲಿಲ್ಲ. ಹೂವಿನ ಚಿತ್ರದ ಶುಭೋದಯಕ್ಕೂ ಕ್ರಿಕೆಟಿಗೂ ಒಂದು ಜಾಗ ಬೇಕು, ಅದಿಲ್ಲದಿದ್ದರೆ ಅವು ವಾರ್ಡ್ ಗುಂಪಿಗೆ ನುಗ್ಗುತ್ತವೆ.

ಬರೆಯುವ ಬಗೆ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ಸುತ್ತ ಗುಡ್ಡ ಕುಸಿದಾಗಿನಿಂದ ನಮ್ಮ ಜಿಲ್ಲೆಯವರಿಗೆಲ್ಲ ಒಂದು ಪಾಠ ಗೊತ್ತು: ತಾರೀಕಿಲ್ಲದ ಸಂದೇಶಕ್ಕೆ ಸಾವಿಲ್ಲ. ‘ನಾಳೆ ಪೂಜೆ ಇಲ್ಲ’ ಎಂದು ಹಾಕಿದರೆ ನಾಲ್ಕನೇ ದಿನ ಅದು ಬೇರೆಲ್ಲಿಂದಲೋ ತಿರುಗಿ ಬಂದು ಮತ್ತೆ ‘ನಾಳೆ’ ಆಗುತ್ತದೆ. ಹೀಗಾಗಿ ವಾರ, ತಾರೀಕು, ಇಸವಿ ಮೊದಲ ಸಾಲಿನಲ್ಲೇ ಇರಬೇಕು. ನಮ್ಮ ಮಾದರಿ ಹೀಗಿದೆ:

ಭಾನುವಾರ, 12-07-2026
ಬೆಳಿಗ್ಗೆ 7.00 ಕನ್ನಡ ಬಲಿಪೂಜೆ
ಬೆಳಿಗ್ಗೆ 9.00 ಮಲಯಾಳಂ ಬಲಿಪೂಜೆ
ಸಂಜೆಯ ಜಪಮಾಲೆ ಮಳೆ ಕಾರಣ ಇಲ್ಲ
ಕಳುಹಿಸಿದ್ದು: ಚರ್ಚ್ ಕಚೇರಿ, ಶನಿವಾರ ಸಂಜೆ 6.30

ಮೊದಲ ಸಾಲಿನ ಎರಡು ತುದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಅಕ್ಷರ ದಪ್ಪವಾಗುತ್ತದೆ. ಹಬ್ಬದ ವೇಳಾಪಟ್ಟಿಯಂಥ ಸಂದೇಶವನ್ನು ಮೇಲೆ ಪಿನ್ ಮಾಡಬಹುದು, 24 ಗಂಟೆ, 7 ದಿನ ಅಥವಾ 30 ದಿನಕ್ಕೆ. ಬಣ್ಣಬಣ್ಣದ ಪೋಸ್ಟರ್ ಮಾಡುವ ಹುರುಪು ನಮ್ಮ ಹುಡುಗರಿಗೆ ಬಹಳ. ಆದರೆ ಸಿಗ್ನಲ್ ಕಡಿಮೆಯಿದ್ದಲ್ಲಿ ಚಿತ್ರ ಮಂಜಾಗಿಯೇ ನಿಂತುಬಿಡುತ್ತದೆ, ಸಮಯ ಓದಲಾಗುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. ಪೋಸ್ಟರ್ ಬೇಕಾದರೆ ಹಾಕಿ, ಕೆಳಗೆ ಅದೇ ವಿಷಯ ಅಕ್ಷರದಲ್ಲೂ ಇರಲಿ. ಓದಲು ಬಾರದ ಹಿರಿಯರಿಗೆ ಮತ್ತು ಮನೆಯಲ್ಲಿ ತಮಿಳು ಮಾತಾಡಿ ಕನ್ನಡ ಓದಲು ಕಷ್ಟಪಡುವ ಕಾರ್ಮಿಕ ಕುಟುಂಬಗಳಿಗೆ ಒಂದು ನಿಮಿಷದೊಳಗಿನ ಧ್ವನಿ ಸಂದೇಶದಷ್ಟು ಒಳ್ಳೆಯದು ಬೇರೆ ಇಲ್ಲ. ಅದು ಫಾದರ್ ಸ್ವರದಲ್ಲೇ ಇದ್ದರೆ ಕೇಳುವವರು ಹೆಚ್ಚು. ಹಬ್ಬದ ಊಟಕ್ಕೆ ಎಷ್ಟು ಜನ ಎಂಬ ಲೆಕ್ಕಕ್ಕೆ ವಾರ್ಡ್ ಗುಂಪಿನಲ್ಲಿ ಪೋಲ್ ಹಾಕಬಹುದು, ಆಯ್ಕೆಗಳು 12ರವರೆಗೆ. ಬರುವ ಉತ್ತರಕ್ಕೆ ಸ್ವಲ್ಪ ಸೇರಿಸಿಯೇ ಅಕ್ಕಿ ಹಾಕಿ.

ದಿನಕ್ಕೆ ಒಂದಕ್ಕಿಂತ ಹೆಚ್ಚು ಪ್ರಕಟಣೆ ಬೇಡ, ಸಾವಿನ ಸುದ್ದಿಯ ಹೊರತು. ಸಾವಿನ ಸಂದೇಶವನ್ನು ಮನೆಯವರ ಬಾಯಿಂದ ಖಚಿತ ಮಾಡಿಕೊಂಡು, ಅವರ ಒಪ್ಪಿಗೆ ಪಡೆದೇ ಹಾಕಬೇಕು. ಹೆಸರು, ವಯಸ್ಸು, ಮನೆ ಹೆಸರು, ವಾರ್ಡ್, ದರ್ಶನ ಎಲ್ಲಿ, ಅಂತ್ಯಕ್ರಿಯೆಯ ಬಲಿಪೂಜೆ ಎಷ್ಟಕ್ಕೆ, ಯಾವ ಸಮಾಧಿಭೂಮಿ ಎಂಬಷ್ಟು ಸಾಕು. ರೋಗದ ವಿವರ, ಆಸ್ಪತ್ರೆಯ ಫೋಟೊ ಬೇಡ. ತಪ್ಪಿದ್ದರೆ ‘ಎಲ್ಲರಿಗೂ ಅಳಿಸು’ ಎಂಬುದಕ್ಕೆ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಅವಕಾಶವಿದೆಯಾದರೂ, ಅಷ್ಟರಲ್ಲಿ ಓದಿದವರು ಓದಿಯಾಗಿರುತ್ತದೆ. ಅಳಿಸಿ ಸುಮ್ಮನಾಗದೆ, ‘ತಿದ್ದುಪಡಿ’ ಎಂದು ಬರೆದು ಸರಿಯಾದದ್ದನ್ನು ಹಾಕಿ.

ಹಣದ ಮಾತು ಆ್ಯಪ್‌ನಲ್ಲಿ ಬರಲೇಬಾರದೆಂದು ಸಮಿತಿ ನಿರ್ಣಯ ಬರೆಯಿತು. ಗುರುಗಳ ಫೋಟೊವನ್ನು ಪ್ರೊಫೈಲಿಗೆ ಹಾಕಿಕೊಂಡು, ಅವರ ಹೆಸರಿನಲ್ಲಿ ತುರ್ತು ಹಣ ಕೇಳುವ ಮೋಸ ಎಲ್ಲೆಡೆ ನಡೆಯುತ್ತಿದೆ. ಚರ್ಚ್ ಎಂದೂ ಯುಪಿಐ ಕೋಡನ್ನು ಇಲ್ಲಿ ಕಳುಹಿಸುವುದಿಲ್ಲ ಎಂದು ಮೊದಲೇ ಸಾರಿಬಿಟ್ಟರೆ, ಬಂದದ್ದು ಸುಳ್ಳೆಂದು ಅಜ್ಜಿಯಂದಿರಿಗೂ ಗೊತ್ತಾಗುತ್ತದೆ. ಮದುವೆ ಕರೆಯೋಲೆ ಎಂದು ಬರುವ ಎಪಿಕೆ (ಆ್ಯಪ್ ಅಳವಡಿಸುವ) ಕಡತ ಒತ್ತಬೇಡಿ, ಆರು ಅಂಕಿಯ ಕೋಡನ್ನು ಯಾರು ಕೇಳಿದರೂ ಕೊಡಬೇಡಿ ಎಂಬುದನ್ನು ಪೂಜೆಯ ನಂತರ ಬಾಯಲ್ಲೇ ಹೇಳಿಸಿದೆವು. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇಷ್ಟಾದರೂ ಕೀಪ್ಯಾಡ್ ಫೋನಿನವರು ಹೊರಗೇ ಉಳಿದರು. ಲೈನ್ ಮನೆಗಳಲ್ಲಿ ಅವರೇ ಹೆಚ್ಚು. ಅವರಿಗೆ ಎಸ್‌ಎಂಎಸ್ ಮಾಡೋಣವೆಂದು ಹೊರಟಲ್ಲಿ ಎರಡನೆಯ ಸುತ್ತು ಆರಂಭವಾಯಿತು. ಒಟ್ಟಿಗೆ ನೂರಾರು ಎಸ್‌ಎಂಎಸ್ ಕಳುಹಿಸುವ ಯಾವುದೇ ಸಂಸ್ಥೆ, ದೂರಸಂಪರ್ಕ ನಿಯಂತ್ರಕ ಟ್ರಾಯ್ 2018ರಲ್ಲಿ ತಂದ ನಿಯಮದಂತೆ, ಯಾವುದಾದರೊಂದು ಟೆಲಿಕಾಂ ಕಂಪನಿಯ ಡಿಎಲ್‌ಟಿ ಪೋರ್ಟಲಿನಲ್ಲಿ (ಸಗಟು ಎಸ್‌ಎಂಎಸ್ ಕಳುಹಿಸುವವರ ನೋಂದಣಿ ತಾಣದಲ್ಲಿ) ನೋಂದಾಯಿಸಿಕೊಳ್ಳಬೇಕು. ಮೊದಲು ಸಂಸ್ಥೆ, ಆಮೇಲೆ ಕಳುಹಿಸುವವರ ಹೆಸರಾಗಿ ಕಾಣುವ ಆರು ಇಂಗ್ಲಿಷ್ ಅಕ್ಷರಗಳ ಹೆಡರ್, ಆಮೇಲೆ ಸಂದೇಶದ ಮಾದರಿ. ಮೂರಕ್ಕೂ ಬೇರೆ ಬೇರೆ ಮಂಜೂರಾತಿ. ನಾವು ಕಟ್ಟಿದ ನೋಂದಣಿ ಶುಲ್ಕ ಜಿಎಸ್‌ಟಿ ಸೇರಿ 5,900 ರೂಪಾಯಿ.

ನಮ್ಮ ಅರ್ಜಿ ಮೊದಲು ತಿರಸ್ಕೃತವಾಯಿತು. ಪ್ಯಾನ್‌ನಲ್ಲಿ ಸಂಸ್ಥೆಯ ಹೆಸರು, ಲೆಟರ್‌ಹೆಡ್‌ನಲ್ಲಿ ಚರ್ಚಿನ ಹೆಸರು, ಎರಡೂ ಹೊಂದುವುದಿಲ್ಲ ಎಂದರು. ಚರ್ಚಿನ ಲೆಟರ್‌ಹೆಡ್ ಎಷ್ಟು ಚೆನ್ನಾಗಿದ್ದರೂ ಇಲ್ಲಿ ಪ್ರಯೋಜನಕ್ಕಿಲ್ಲ. ಪ್ಯಾನ್‌ನಲ್ಲಿ ಇರುವ ಹೆಸರಿನದೇ ಲೆಟರ್‌ಹೆಡ್, ಅದೇ ಅಕ್ಷರವಿನ್ಯಾಸ, ಅದೇ ಸಹಿದಾರರು ಇರಬೇಕು. ಹಾಗೆಂದು ಮತ್ತೊಂದು ಪತ್ರ ತರಿಸುವಷ್ಟರಲ್ಲಿ ಪಾಸ್ಕ (ಈಸ್ಟರ್) ಹಬ್ಬ ಕಳೆಯಿತು. ಬೇಸರವೇನೋ ಆಯಿತು, ಬಿಟ್ಟುಬಿಡೋಣ ಎಂದವರೂ ಇದ್ದರು.

ಹೆಡರ್ ಕೂಡ ಸಂಸ್ಥೆಯ ಹೆಸರಿಗೇ ಹೊಂದಬೇಕಾದ್ದರಿಂದ ನಮ್ಮ ಚರ್ಚಿನ ಹೆಸರು ಅದರಲ್ಲಿ ಬರಲಿಲ್ಲ. ನೋಡಿದವರು ಬ್ಯಾಂಕಿನದೆಂದು ಅಳಿಸುತ್ತಾರೆ. ಪರಿಹಾರವೆಂದರೆ ಮಾದರಿಯ ಆರಂಭದಲ್ಲೇ ಚರ್ಚಿನ ಹೆಸರು ಬರೆಯುವುದು. ಮಾದರಿ ಕೊಡುವಾಗ ವರ್ಗವನ್ನು ನೋಡಿ ಆರಿಸಿ. ಜಾಹೀರಾತಿನ ವರ್ಗಕ್ಕೆ ಬಿದ್ದರೆ ಡಿಎನ್‌ಡಿ (ಜಾಹೀರಾತು ಬೇಡವೆಂಬ ನೋಂದಣಿ) ಹಾಕಿಕೊಂಡವರಿಗೆ ಹೋಗುವುದಿಲ್ಲ. ಸೇವಾ ಸಂದೇಶವೆಂದು ಕೊಡಬೇಕು, ಅದಕ್ಕೆ ತಕ್ಕ ಭಾಷೆಯಲ್ಲಿ ಸಮಯ, ಸ್ಥಳ, ರದ್ದತಿ ಮಾತ್ರ ಇರಬೇಕು. ‘ಉದಾರವಾಗಿ ಸಹಕರಿಸಿ’ ಎಂಬ ಒಂದು ಮಾತು ಸಾಕು ತಿರಸ್ಕಾರಕ್ಕೆ. ಬದಲಾಗುವ ಜಾಗಗಳನ್ನು, ಅಂದರೆ ತಾರೀಕು, ಸಮಯ, ಸ್ಥಳಗಳನ್ನು, ಮಾದರಿಯಲ್ಲೇ ಗುರುತಿಸಬೇಕು, ನಮಗೆ ಸಿಕ್ಕ ಮಿತಿ ಒಂದೊಂದಕ್ಕೆ 30 ಅಕ್ಷರ. ಕಳುಹಿಸುವ ಮಧ್ಯವರ್ತಿ ಕಂಪನಿಯನ್ನೂ ಪೋರ್ಟಲಿನಲ್ಲಿ ಜೋಡಿಸಿರಬೇಕು, ಇಲ್ಲವಾದರೆ ಎಲ್ಲ ಸರಿಯಿದ್ದೂ ಸಂದೇಶ ಹೊರಡುವುದಿಲ್ಲ. 2024ರ ಅಕ್ಟೋಬರಿನಿಂದ, ಮೊದಲೇ ಅನುಮತಿ ಪಡೆಯದ ಲಿಂಕ್ ಸಂದೇಶದಲ್ಲಿದ್ದರೂ ಅದೇ ಗತಿ.

ಕನ್ನಡದಲ್ಲಿ ಕಳುಹಿಸಿದರೆ ಖರ್ಚು ಏರುತ್ತದೆ. ಇಂಗ್ಲಿಷಿನ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡಕ್ಕೆ 70. ಉದ್ದವಾಗಿ ಎರಡು ಭಾಗವಾದರೆ ಒಂದೊಂದಕ್ಕೆ 67. ಲೆಕ್ಕ ನಮ್ಮ ಕಣ್ಣಿಗೆ ಕಾಣುವಂತೆ ಅಲ್ಲ, ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ. ‘ಕ್ರಿಸ್ತ’ ಎಂಬುದು ನಮಗೆ ಎರಡು ಅಕ್ಷರ, ಎಸ್‌ಎಂಎಸ್‌ಗೆ ಏಳು. ‘ಕ್ರಿಸ್ತನಲ್ಲಿ ಪ್ರಿಯ ಸಹೋದರ ಸಹೋದರಿಯರೇ’ ಎಂದು ಶುರುಮಾಡಿದರೆ ಅರ್ಧ ಜಾಗ ಅಲ್ಲೇ ಮುಗಿಯಿತು. ಸಂಬೋಧನೆ ತೆಗೆದು, 134ರ ಒಳಗೆ, ಎರಡು ಎಸ್‌ಎಂಎಸ್ ಬೆಲೆಯಲ್ಲಿ ಮುಗಿಯುವಂತೆ ಮಾದರಿಗಳನ್ನು ಕೊರೆದೆವು: ಪೂಜೆಯ ಸಮಯ ಬದಲು, ಪೂಜೆ ರದ್ದು, ಸಾವಿನ ಸುದ್ದಿ, ಪ್ರಾರ್ಥನಾ ಸಭೆ. ಈ ನಾಲ್ಕೇ ಸಾಕಾದವು.

ಮಳೆ ಶುರುವಾದ ಮೇಲೆ ಈ ಏರ್ಪಾಡುಗಳೆಲ್ಲ ಒಂದೊಂದಾಗಿ ಪರೀಕ್ಷೆಗೆ ಬಿದ್ದವು. ಕರೆಂಟ್ ಹೋಗಿ ಒಂದು ರಾತ್ರಿ ಕಳೆದರೆ ಎಷ್ಟೋ ಸ್ಮಾರ್ಟ್‌ಫೋನ್ ಸತ್ತಿರುತ್ತವೆ, ಕೀಪ್ಯಾಡ್ ಫೋನ್ ಮೂರು ದಿನ ಬದುಕಿರುತ್ತದೆ. ಡೇಟಾ ಸಿಗದ ಕಡೆಯೂ ಎಸ್‌ಎಂಎಸ್ ಹೇಗೋ ತೂರಿಕೊಂಡು ಹೋಗುತ್ತದೆ. ಟವರೇ ನಿಂತರೆ ಎರಡೂ ಇಲ್ಲ. ಅದಕ್ಕೆಂದೇ ಪ್ರತಿ ವಾರ್ಡಿಗೆ ಬೇರೆ ಬೇರೆ ಕಂಪನಿಯ ಸಿಮ್ ಇರುವ ಇಬ್ಬರನ್ನು ಗೊತ್ತುಮಾಡಿ, ಅವರಿಗೆ ಮಾತ್ರ ಕರೆ ಮಾಡಿ, ಅವರು ನಡೆದು ಹೋಗಿ ಹೇಳುವ ಏರ್ಪಾಡು ಇದೆ. ಆನೆ ಇಳಿದ ಸುದ್ದಿ ಬಂದ ಸಂಜೆ ಪ್ರಾರ್ಥನಾ ಸಭೆ ರದ್ದಾದರೆ ಸಂದೇಶ ಮೂರೂವರೆಗೆ ಮೊದಲೇ ಹೋಗಬೇಕು. ಐದಕ್ಕೆ ಕಳುಹಿಸಿದರೆ ಜನ ಆಗಲೇ ದಾರಿಯಲ್ಲಿರುತ್ತಾರೆ, ಅದು ಕಳುಹಿಸದೇ ಇರುವುದಕ್ಕಿಂತ ಕೆಟ್ಟದ್ದು.

ಖರ್ಚಿನ ಲೆಕ್ಕ ಕೇಳುವವರಿಗೆ: ವಾಟ್ಸಾಪ್‌ಗೆ ಹಣವಿಲ್ಲ, ಸಿಮ್‌ನ ರೀಚಾರ್ಜ್ ಮಾತ್ರ ಎಂದೂ ತಪ್ಪಬಾರದು. 90 ದಿನ ಬಳಕೆಯಿಲ್ಲದೆ ಬಿದ್ದಿದ್ದರೆ ನಂಬರು ರದ್ದಾಗಿ ಬೇರೆಯವರಿಗೆ ಹೋಗಬಹುದು, ಚರ್ಚಿನ ಹೆಸರಿರುವ ನಂಬರು ಅಪರಿಚಿತರ ಕೈಸೇರುವುದು ಬೇಡ. ಒಂದು ಹಳೆಯ ಫೋನನ್ನು ಭಕ್ತರೊಬ್ಬರು ಕೊಟ್ಟರು. ಪವರ್ ಬ್ಯಾಂಕ್ ಖರೀದಿಸಿದೆವು. ಎಸ್‌ಎಂಎಸ್ ಅನ್ನು ಮುಂಗಡವಾಗಿ ಸಗಟಿನಲ್ಲಿ ಕೊಳ್ಳಬೇಕು, ಆದರೆ ಅವಧಿ ಎಷ್ಟು ದಿನ ಎಂದು ಕೇಳಿಯೇ ಕೊಳ್ಳಿ.

ಅಡ್ಮಿನ್‌ಗಳು ಮೂವರು: ಕಚೇರಿಯ ನಂಬರು, ಸಮಿತಿಯ ಕಾರ್ಯದರ್ಶಿ, ಒಬ್ಬರು ಸಿಸ್ಟರ್. ಊರು ಬಿಟ್ಟವರ, ತೀರಿಕೊಂಡವರ ನಂಬರುಗಳನ್ನು ವರ್ಷಕ್ಕೊಮ್ಮೆ, ಮನೆ ಆಶೀರ್ವಾದಕ್ಕೆ ಹೋಗುವಾಗ ತಿದ್ದಬೇಕೆಂದು ಗೊತ್ತಾಗಿದೆ. ಗುರುಗಳು ಬದಲಾಗುವ ದಿನ ಕೈಬದಲಾಯಿಸಬೇಕಾದವು ಫೋನು, ಪಿನ್ನಿನ ಲಕೋಟೆ, ಇಮೇಲಿನ ಪಾಸ್‌ವರ್ಡ್, ಡಿಎಲ್‌ಟಿ ಪೋರ್ಟಲಿನ ಲಾಗಿನ್, ಸಹಿದಾರರ ಪತ್ರದ ಪ್ರತಿ, ಸಹಿ ಮಾಡಿದ ಫಾರಂಗಳ ಕಟ್ಟು. ಪೋರ್ಟಲಿಗೆ ಕೊಟ್ಟ ಮೊಬೈಲ್ ನಂಬರೂ ಕಚೇರಿಯದೇ ಇರಲಿ. ಅಲ್ಲಿ ಲಾಗಿನ್ ಆಗಲು ಪ್ರತಿ ಸಲವೂ ಆ ನಂಬರಿಗೇ ಒಟಿಪಿ ಬರುತ್ತದೆ.